ಬೆನ್ನುಡಿ ಯಾರ ಸೊತ್ತು?

1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾದಾಗ ಕಾದಂಬರಿಗೆ ಬೆನ್ನುಡಿಯ ಹಂಗು ಅಷ್ಟಾಗಿ ಇರಲಿಲ್ಲ. ಚಂದಾ ಕಟ್ಟಿದವರ ಮನೆಗೆ ಪುಸ್ತಕ ತಾನಾಗಿ ಬರುತ್ತಿತ್ತು. ಮಾಲೆಯ ಹೆಸರೇ ಭರವಸೆ. ಆಮೇಲೆ ಧಾರಾವಾಹಿಗಳ ಕಾಲ. ‘ಸುಧಾ’, ‘ಪ್ರಜಾಮತ’ಗಳಲ್ಲಿ ವಾರವಾರವೂ ಓದಿ ಕತೆ ಬಾಯಿಪಾಠವಾದವರಿಗೆ ಹಿಂಬದಿಯ ನಾಲ್ಕು ಸಾಲು ಯಾಕೆ ಬೇಕಿತ್ತು?

ಧಾರಾವಾಹಿಗಳು ವಿರಳವಾದ ಮೇಲೆ ಬೇಕಾಯಿತು. ಅಷ್ಟರಲ್ಲಿ ಆ ಜಾಗದಲ್ಲಿ ಹಿರಿಯರ ಆಶೀರ್ವಾದ ಕೂತುಬಿಟ್ಟಿತ್ತು. ಹೊಸಬರ ಹಸ್ತಪ್ರತಿ ಹಿರಿಯ ಸಾಹಿತಿಯ ಮೇಜಿಗೆ ಹೋಗುತ್ತದೆ. ಕಾದೂ ಕಾದೂ ‘ಭರವಸೆಯ ಲೇಖಕ’, ‘ಗಮನಾರ್ಹ ಕೃತಿ’ ಎಂದು ಬರುತ್ತದೆ. ಹೆಸರು ಬದಲಿಸಿದರೆ ಯಾವ ಕಾದಂಬರಿಗೂ ಅಂಟುವ ಮಾತು. (ಹಿರಿಯರ ಪಾಡೂ ಪಾಡೇ: ಇಲ್ಲ ಎನ್ನಲಾರರು, ಬಂದದ್ದನ್ನೆಲ್ಲ ಓದಲಾರರು.) ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೂ ಈ ಚಾಳಿಗೆ ನೀರೆರೆಯಿತು ಎಂಬುದು ನಮ್ಮ ಗುಮಾನಿ.

ನಮ್ಮ ವಿಜಯಪುರದ, ಅಂದರೆ ಗೋಳಗುಮ್ಮಟದ್ದಲ್ಲ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಹರಾಜಿಗೆ ಮುಂಚೆ ಗೂಡನ್ನು ಕೈಗೆತ್ತಿಕೊಂಡು ನೋಡುತ್ತಾರೆ. ಬೆಳೆದವನ ಮಾವ ಏನಂದ ಎಂದು ಕೇಳುವುದಿಲ್ಲ. ಓದುಗರಿಗೂ ಅಂಥದೊಂದು ಹಿಡಿ ಸಾಕು: ಯಾರ ಕತೆ, ಎಲ್ಲಿಯದು, ಅವರಿಗೆ ಏನು ಬೇಕು, ಅಡ್ಡ ನಿಂತದ್ದೇನು.

ಇದನ್ನು ಬರೆಯಬೇಕಾದವರು ಲೇಖಕರೇ. ಅದೂ ಅಚ್ಚಿಗೆ ಹೋಗುವ ಹಿಂದಿನ ರಾತ್ರಿಯಲ್ಲ, ಕರಡು ಅರ್ಧಕ್ಕೆ ಬಂದಾಗ. ನೂರು ಪದಗಳಲ್ಲಿ ಬೆನ್ನುಡಿ ಕೂರದಿದ್ದರೆ ದೋಷ ಹೆಚ್ಚಿನ ಸಲ ಬೆನ್ನುಡಿಯದಲ್ಲ. ಮುಖ್ಯ ಪಾತ್ರಕ್ಕೆ ಏನೂ ಬೇಕಾಗಿಲ್ಲ ಎಂಬುದೋ, ಒಂದೇ ಪುಸ್ತಕದಲ್ಲಿ ಎರಡು ಕತೆಗಳು ಜಗಳಕ್ಕೆ ಬಿದ್ದಿವೆ ಎಂಬುದೋ ಅಲ್ಲೇ ಬಯಲಾಗುತ್ತದೆ. ತಿದ್ದಲು ಆಗ ಇನ್ನೂ ಸಮಯವಿರುತ್ತದೆ. ಎಲ್ಲಕ್ಕೂ ಈ ಅಳತೆ ಒಗ್ಗದು ನಿಜ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಯಾರೊಬ್ಬರ ಕತೆಯೂ ಅಲ್ಲ. ಅಂಥದಕ್ಕೆ ಬೆನ್ನುಡಿ ಬರೆಯುವವರು ಆ ಕಾಡನ್ನೂ ಕಾಲವನ್ನೂ ಹೇಳಬೇಕು. ಆದರೆ ನಮ್ಮಲ್ಲಿ ಬರುವ ಬಹುಪಾಲು ಕಾದಂಬರಿಗಳು ಈ ವಿನಾಯಿತಿ ಕೇಳುವಂಥವಲ್ಲ.

2025ರ ಜನವರಿಯಲ್ಲಿ ಅಮೆರಿಕದ ಸೈಮನ್ ಅಂಡ್ ಶುಸ್ಟರ್ ಪ್ರಕಾಶನದ ಷಾನ್ ಮ್ಯಾನಿಂಗ್, ತಮ್ಮ ಲೇಖಕರು ಇನ್ನು ಮೇಲೆ ಇತರ ಲೇಖಕರ ಹೊಗಳಿಕೆ ತರಲೇಬೇಕೆಂದಿಲ್ಲ ಎಂದು ಪ್ರಕಟಿಸಿದರು. ಕನ್ನಡದ ಪ್ರಕಾಶಕರೂ ಅಷ್ಟು ಮಾಡಲಿ. ಹಿರಿಯರ ಮಾತಿಗೆ ಒಳಗೆ ಮುನ್ನುಡಿಯ ಜಾಗ ಇದ್ದೇ ಇದೆ. ಹಿಂಬದಿಯನ್ನು ಕತೆಗೆ ಬಿಟ್ಟುಕೊಡಲಿ.