ನಾಟಕಕ್ಕೆ ಹೋದ್ರೆ ಹೊಟ್ಟೆ ತುಂಬುತ್ತಾ? ಹೆಗ್ಗೋಡಿನ ತಿರುಗಾಟ ಮುಂದಿಡುವ ಲೆಕ್ಕ

ಪಿಯುಸಿ ಆಯ್ತು, ಡಿಗ್ರಿ ಆಯ್ತು, ಮುಂದೇನು? ರಿಸಲ್ಟ್ ಬರುವ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಮನೆಮನೆಯಲ್ಲೂ ಇದೇ ಮಾತು. ಬೆಂಗಳೂರಿನ ಬಸ್ಸು ಹತ್ತುವವರು ಹತ್ತುತ್ತಾರೆ, ಕೋಚಿಂಗ್ ಸೇರುವವರು ಸೇರುತ್ತಾರೆ. ತೋಟ ಇದ್ದವರು ಎಲೆಚುಕ್ಕಿ ರೋಗ ಬಡಿದ ಅಡಿಕೆ ಮರ ನೋಡುತ್ತಾ ‘ಇದನ್ನೇ ನಂಬ್ಕೊಂಡು ಕೂರೋಕಾಗುತ್ತಾ’ ಅಂತಾರೆ. ಇವರ ಮಧ್ಯೆ ಎಲ್ಲೋ ಒಬ್ಬ ಹುಡುಗನೋ ಹುಡುಗಿಯೋ ‘ನಾನು ನಾಟಕದ ತಂಡ ಸೇರ್ತೀನಿ’ ಅಂದುಬಿಡುತ್ತೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಎಲ್ಲರಿಗೂ ಗೊತ್ತಿರೋದೇ: ‘ಎಂತ ಮಾರಾಯ, ಅದ್ರಲ್ಲಿ ಹೊಟ್ಟೆ ತುಂಬುತ್ತಾ?’

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ‘ಕಲೆಗೆ ಬೆಲೆ ಕಟ್ಟಬಾರದು’ ಎಂದು ವೇದಿಕೆ ಮೇಲೆ ಭಾಷಣ ಮಾಡುವವರು ಸಾಮಾನ್ಯವಾಗಿ ತಿಂಗಳ ಸಂಬಳ ಬರುವವರು. ಮಗಳನ್ನೋ ಮಗನನ್ನೋ ಕಳಿಸಬೇಕಾದ ಅಪ್ಪ–ಅಮ್ಮ ಲೆಕ್ಕ ಕೇಳುವುದರಲ್ಲಿ ತಪ್ಪೇನಿದೆ? ಲೆಕ್ಕವನ್ನೇ ಹಾಕಿ ನೋಡೋಣ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಹಾಕಲು ಬೇಕಾದಷ್ಟು ಸರಕಿದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್, ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಶುರುವಾಗಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣ ಮತ್ತು ಊರಿನವರು ಕೂಡಿ ಕಟ್ಟಿದ ಹವ್ಯಾಸಿ ತಂಡ ಅದು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆಯಿತು. 1985ರಲ್ಲಿ ‘ತಿರುಗಾಟ’ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಯ ಕತೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಈ ಲೇಖನಕ್ಕೆ ಬೇಕಾದದ್ದು ತಿರುಗಾಟದ ಕತೆ. ಯಾಕೆಂದರೆ ಇಪ್ಪತ್ತರ ಆಸುಪಾಸಿನ ಹುಡುಗ–ಹುಡುಗಿಯರನ್ನು ಕಟ್ಟಿಕೊಂಡು, ವರ್ಷ ವರ್ಷವೂ ಹೊಸ ನಾಟಕ ಕಟ್ಟಿ, ಊರೂರಿಗೆ ಒಯ್ಯುವ ಕೆಲಸ ಅಲ್ಲಿ 4 ದಶಕದಿಂದ ನಡೆದಿದೆ.

‘ತಿರುಗಾಟ’ ಎಂಬ ಪದ ನಮಗೇನು ಹೊಸದಲ್ಲ. ಯಕ್ಷಗಾನ ಮೇಳಗಳದ್ದೂ ತಿರುಗಾಟವೇ. ಮೇಳದ ಕಲಾವಿದರ ಅನುಭವ ಹೇಳುವಾಗ ‘ಅವರದ್ದು 30 ತಿರುಗಾಟ ಆಯ್ತು’ ಅಂತೀವೇ ಹೊರತು ಇಷ್ಟು ವರ್ಷ ಸರ್ವಿಸ್ ಅನ್ನಲ್ಲ. ಮೇಳಕ್ಕೆ ಹೋಗುವವನನ್ನು ಊರು ಕೆಲಸಗಾರ ಅಂತ ಒಪ್ಪಿಕೊಂಡಿದೆ. ನಾಟಕಕ್ಕೆ ಹೋಗುವವನನ್ನು ಮಾತ್ರ ಇನ್ನೂ ‘ಏನೋ ಹುಚ್ಚು, ಬಿಟ್ಟೋಗುತ್ತೆ’ ಅಂತಲೇ ನೋಡುತ್ತೆ. ಇದು ವಿಚಿತ್ರ, ಯಾಕೆಂದರೆ ದುಡಿಮೆ ಎರಡರಲ್ಲೂ ಒಂದೇ.

ಒಂದು ದಿನದ ದುಡಿಮೆ

ಹೊರಗಿನಿಂದ ನೋಡುವವರಿಗೆ ಕಾಣುವುದು ಸಂಜೆಯ ಎರಡು ಗಂಟೆ ಮಾತ್ರ. ಅದರ ಹಿಂದಿನ ದಿನಚರಿ ಹೀಗಿರುತ್ತೆ. ಬೆಳಿಗ್ಗೆ ವಾಹನ ಊರಿಗೆ ಬರುತ್ತೆ. ರಾತ್ರಿ ಇನ್ನೊಂದು ಊರಲ್ಲಿ ನಾಟಕ ಮುಗಿಸಿ, ಸೆಟ್ ಬಿಚ್ಚಿ, ಲೋಡ್ ಮಾಡಿ ಮಲಗಿದವರು ಇವರು. ಇಳಿದ ಕೂಡಲೇ ಸ್ಟೇಜ್ ನೋಡಬೇಕು. ಒಂದೂರಲ್ಲಿ ಚಂದದ ರಂಗಮಂದಿರ, ಮತ್ತೊಂದೂರಲ್ಲಿ ಹೈಸ್ಕೂಲಿನ ಸಿಮೆಂಟು ಕಟ್ಟೆ, ಇನ್ನೊಂದೂರಲ್ಲಿ ಕಲ್ಯಾಣ ಮಂಟಪದಲ್ಲಿ ಮದುಮಕ್ಕಳನ್ನು ಕೂರಿಸುವ ಜಾಗ. ನಿನ್ನೆ 30 ಅಡಿ ಅಗಲದಲ್ಲಿ ಆಡಿದ ದೃಶ್ಯವನ್ನು ಇವತ್ತು 18 ಅಡಿಗೆ ಇಳಿಸಬೇಕು. ಕರೆಂಟ್ ಸಿಂಗಲ್ ಫೇಸೋ ತ್ರೀ ಫೇಸೋ ನೋಡಬೇಕು. ಏಣಿ ಹತ್ತಿ ಲೈಟು ಕಟ್ಟಬೇಕು, ವೈರು ಎಳೆಯಬೇಕು, ಪರದೆ ಬಿಗಿಯಬೇಕು. ಕೆಲವು ಕಡೆ ಹಗಲಲ್ಲೇ ಶಾಲೆ ಮಕ್ಕಳಿಗೆ ಒಂದು ನಾಟಕ ಇರುತ್ತೆ. ಸಂಜೆ ಮುಖ್ಯ ನಾಟಕ. ಮುಗಿದ ಮೇಲೆ ಮತ್ತೆ ಬಿಚ್ಚು, ಮಡಚು, ತುಂಬು.

ಇಲ್ಲಿ ರಾಜನ ಪಾತ್ರದವನಿಗೆ ಆಳಿಲ್ಲ. ರಾಣಿಯಾದವಳು ಕಿರೀಟ ಕಳಚಿಟ್ಟು ವೈರು ಸುತ್ತುತ್ತಾಳೆ. ಇವತ್ತು ಹೀರೋ ಆದವನು ನಾಳಿನ ನಾಟಕದಲ್ಲಿ ಒಂದೇ ಮಾತಿನ ದೂತ, ಉಳಿದ ಹೊತ್ತು ಸೈಡಲ್ಲಿ ನಿಂತು ತಾಳ ಹಾಕುವವನು. 15–20 ಜನರ ತಂಡ, ಹಂಗಾಮಿಗೆ ನೂರರ ಆಸುಪಾಸು ಪ್ರದರ್ಶನ. ಮಳೆಗಾಲ ಮುಗಿದ ಮೇಲೆ ಹೊರಟರೆ ಬೇಸಿಗೆ ತಲೆಹಾಕುವವರೆಗೆ ರಸ್ತೆ ಮೇಲೆಯೇ ಜೀವನ.

ನೂರು ಸಲ ಒಂದೇ ಮಾತು ಹೇಳಿದರೆ ಬೇಜಾರಾಗಲ್ವಾ ಅಂತ ಕೇಳುವವರಿದ್ದಾರೆ. ಬೇಜಾರಾಗುತ್ತೆ. ಅಲ್ಲೇ ಇರೋದು ಪಾಠ. ಮೊದಲ ಹತ್ತು ಪ್ರದರ್ಶನದಲ್ಲಿ ಬಾಯಿಪಾಠ ತಪ್ಪದಿದ್ದರೆ ಸಾಕು ಅನ್ನುವ ಭಯ. ಇಪ್ಪತ್ತರ ಹೊತ್ತಿಗೆ ಚಪ್ಪಾಳೆ ಎಲ್ಲಿ ಬೀಳುತ್ತೆ ಅಂತ ಗೊತ್ತಾಗಿ, ಅದನ್ನು ಕಿತ್ತುಕೊಳ್ಳುವ ಚಟ ಹತ್ತುತ್ತೆ. ಐವತ್ತರ ಹೊತ್ತಿಗೆ ನಾಲಿಗೆ ತಾನಾಗೇ ಓಡುತ್ತೆ, ಮನಸ್ಸು ಎಲ್ಲೋ ಇರುತ್ತೆ. ಆಮೇಲೂ ಎದುರಿನವನ ಮಾತನ್ನು ಇವತ್ತೇ ಮೊದಲು ಕೇಳಿದ ಹಾಗೆ ಕೇಳುವುದು ಕಲಿಯಬೇಕು. ಶಿರಸಿಯಲ್ಲಿ ನಗು ಬಂದ ಜಾಗದಲ್ಲಿ ಸಿಂಧನೂರಿನಲ್ಲಿ ಮೌನ. ಹಾಗಂತ ಆ ಊರಿನವರಿಗೆ ಅರ್ಥ ಆಗಿಲ್ಲ ಅಂತಲ್ಲ, ಅವರು ಬೇರೆ ಏನನ್ನೋ ಕೇಳಿಸಿಕೊಂಡಿದ್ದಾರೆ ಅಂತ. ಇದನ್ನು ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸಿನಲ್ಲೂ ಹೇಳಿಕೊಡಲು ಆಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ನಾವು ಜೋರಾಗಿ ಹೇಳುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಹೆಚ್ಚಿನ ಹುಡುಗರು ತಮ್ಮ ಜಾತಿಯವರಲ್ಲದವರ ಜೊತೆ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಿರುವುದಿಲ್ಲ. ತಂಡದಲ್ಲಿ ಅದಕ್ಕೆ ಬೇರೆ ದಾರಿಯೇ ಇಲ್ಲ. ಬೀದರಿನ ಭಾಷೆ, ಕುಂದಾಪ್ರದ ಭಾಷೆ, ಚಾಮರಾಜನಗರದ ಭಾಷೆ ಒಂದೇ ವಾಹನದಲ್ಲಿ ಜಗಳ ಆಡುತ್ತವೆ. ಯಾವುದು ‘ಶುದ್ಧ’ ಕನ್ನಡ ಅನ್ನುವ ಪ್ರಶ್ನೆ ಒಂದು ತಿಂಗಳಲ್ಲಿ ತಾನಾಗೇ ಬಿದ್ದುಹೋಗುತ್ತೆ.

ಆಮೇಲೆ ಎಲ್ಲಿ ಹೋಗ್ತಾರೆ?

ಸಿನಿಮಾಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಚ್ಯುತ್ ಕುಮಾರ್ ನೀನಾಸಮ್‌ನಿಂದ ಬಂದವರು. ಸತೀಶ್ ಅಂತೂ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡಿದ್ದಾರೆ. ಬೆಂಗಳೂರಿನ ಸಂಚಾರಿ ತಂಡದಿಂದ ಬಂದ ವಿಜಯ್ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಇವರೆಲ್ಲ ಪರದೆ ಮೇಲೆ ಕಾಣುವವರು, ಅದಕ್ಕೆ ಲೆಕ್ಕಕ್ಕೆ ಸಿಗುತ್ತಾರೆ. ಆದರೆ ಇವರನ್ನು ತೋರಿಸಿ ಮಗನನ್ನು ತಂಡಕ್ಕೆ ಕಳಿಸುವುದೂ ಒಂದೇ, ಒಬ್ಬ ಕ್ರಿಕೆಟಿಗನನ್ನು ತೋರಿಸಿ ಬ್ಯಾಟು ಕೊಡಿಸುವುದೂ ಒಂದೇ.

ಕಾಣದೇ ಇರುವವರ ಸಂಖ್ಯೆ ದೊಡ್ಡದು, ನನ್ನ ಪ್ರಕಾರ ನಿಜವಾದ ಲಾಭ ಇರುವುದೂ ಅಲ್ಲೇ. ಏಪ್ರಿಲ್–ಮೇನಲ್ಲಿ ಊರೂರಲ್ಲಿ ನಡೆಯುವ ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಹಾಡು, ಆಟ, ನಾಟಕ ಕಲಿಸುವವರು ಯಾರು ಅಂತ ಕೇಳಿ ನೋಡಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಡ್ಯಾನ್ಸ್ ಬಿಟ್ಟು ಬೇರೆ ಏನಾದರೂ ನಡೆದರೆ, ಅದನ್ನು ಮಾಡಿಸಿದವರು ಯಾರು ಅಂತ ಕೇಳಿ. ಬಹಳ ಸಲ ಸಿಗುವ ಉತ್ತರ, ಯಾವುದೋ ತಂಡದಲ್ಲಿ ಒಂದೆರಡು ವರ್ಷ ತಿರುಗಿ ಬಂದವರು. ನಮ್ಮದೇ ತಾಲೂಕಿನ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿ ಅವರು ಕಟ್ಟಿದ ಕಿನ್ನರ ಮೇಳ ಮಕ್ಕಳ ನಾಟಕವನ್ನೇ ಉಸಿರಾಗಿಸಿಕೊಂಡ ತಂಡ. ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿದ್ದ ಕಾಲದಲ್ಲೇ ಆ ದಡದಿಂದ ನಾಟಕ ಹೊರಟು ರಾಜ್ಯ ಸುತ್ತುತ್ತಿತ್ತು. 2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆಯಾಯಿತು, ಪ್ರವಾಸಿಗರ ಕಾರು ಸಾಲುಗಟ್ಟಿತು. ದ್ವೀಪದಂತಿದ್ದ ಜಾಗದಲ್ಲಿ ರಂಗತಂಡ ಬದುಕಿದ್ದು ಹೇಗೆ ಅಂತ ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯದ್ದೂ ಇಂಥದ್ದೇ ಕತೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಶುರುಮಾಡಿದ ‘ಶಿವಸಂಚಾರ’ ಪ್ರತಿ ವರ್ಷ ಯುವ ಕಲಾವಿದರ ತಂಡ ಕಟ್ಟಿ ನಾಟಕಗಳನ್ನು ರಾಜ್ಯದುದ್ದಕ್ಕೂ ಒಯ್ಯುತ್ತದೆ. ಒಂದು ಹಳ್ಳಿಯ ಮಠ ಮಾಡಬಹುದಾದದ್ದನ್ನು ನಗರಗಳ ದೊಡ್ಡ ದೊಡ್ಡ ಸಂಸ್ಥೆಗಳು ಯಾಕೆ ಮಾಡಿಲ್ಲ ಅನ್ನುವುದು ಬೇರೆಯೇ ಚರ್ಚೆ.

ದುಡ್ಡಿನ ಮಾತು

ಈಗ ಅಪ್ಪ–ಅಮ್ಮನ ಪ್ರಶ್ನೆಗೆ ಬರೋಣ. ಊಟ, ವಸತಿ ತಂಡದ್ದು ಅಥವಾ ಕರೆಸಿದ ಊರಿನದ್ದು. ಮೇಲೆ ತಿಂಗಳಿಗೆ ಇಷ್ಟು ಅಂತ ಗೌರವಧನ. ಹಂಗಾಮು ನಡೆಯುವಷ್ಟು ದಿನ ಖರ್ಚಿಲ್ಲದ ಬದುಕು, ಕೈಯಲ್ಲಿ ಒಂದಿಷ್ಟು ಉಳಿತಾಯ. ಮುಗಿದ ಮೇಲೆ? ಪಿ.ಎಫ್. ಇಲ್ಲ, ರಜೆ ಸಂಬಳ ಇಲ್ಲ. ಬೇಸಿಗೆ ಶಿಬಿರ ಎರಡು ತಿಂಗಳು, ವಾರ್ಷಿಕೋತ್ಸವದ ಸೀಸನ್ ಎರಡು ತಿಂಗಳು. ಮಧ್ಯದ ಮಳೆಗಾಲ ಪೂರ್ತಿ ಖಾಲಿ. ಮನೆಯಲ್ಲಿ ಸ್ವಲ್ಪ ತೋಟ–ಗದ್ದೆ ಇದ್ದವನು ತಡೆದುಕೊಳ್ಳುತ್ತಾನೆ. ಕೂಲಿಯ ಮನೆಯಿಂದ ಬಂದವನು ಎರಡನೇ ವರ್ಷಕ್ಕೆ ಬೆಂಗಳೂರಿನ ಸೀರಿಯಲ್ ಸೆಟ್ಟಿಗೋ ಫುಡ್ ಡೆಲಿವರಿಗೋ ಹೋಗುತ್ತಾನೆ. ಹೋದದ್ದು ತಪ್ಪಲ್ಲ. ಆದರೆ ಯಾರು ಉಳಿಯಬಲ್ಲರು ಅನ್ನುವುದನ್ನು ಪ್ರತಿಭೆಗಿಂತ ಮನೆಯ ಜಮೀನು ತೀರ್ಮಾನ ಮಾಡುತ್ತಿದೆ. ಇದರ ಬಗ್ಗೆ ಮಾತಾಡದೆ ರಂಗಭೂಮಿಯ ಸಂತೋಷದ ಬಗ್ಗೆ ಮಾತ್ರ ಬರೆದರೆ ಅದು ಅರ್ಧ ಸುಳ್ಳು.

ಸರ್ಕಾರ ಎಲ್ಲಿದೆ ನೋಡಿ. ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಇದೆ, ಸಾಮಾನ್ಯವಾಗಿ 58 ವರ್ಷ ಆದ ಮೇಲೆ. ಅದು ಬೇಕು, ಇರಲಿ. ಆದರೆ 58ರಲ್ಲಿ ಕಲಾವಿದ ಅಂತ ಗುರುತಿಸಿಕೊಳ್ಳಬೇಕಾದರೆ 22ರಲ್ಲಿ, 25ರಲ್ಲಿ ಬಿಟ್ಟುಹೋಗದೆ ಇರಬೇಕಲ್ಲ. ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ. ಕೆಲಸ ಸಿಗದೇ ಕಾಯುವ ಹುಡುಗರಿಗೆ ಇದು ಆಸರೆ, ಸರಿ. ಆದರೆ ಮಳೆಗಾಲದ ಆ ನಾಲ್ಕು ತಿಂಗಳಲ್ಲಿ ಇದೇ ಹುಡುಗರನ್ನು ಸರ್ಕಾರಿ ಶಾಲೆಗಳಿಗೆ ಕಳಿಸಿ ನಾಟಕ ಮಾಡಿಸಲು ಇಷ್ಟೇ ದುಡ್ಡಿನ ಒಂದು ಯೋಜನೆ ಯಾಕಿಲ್ಲ? ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ಸರ್ಕಾರ ಹಿಂದೊಮ್ಮೆ ನೇಮಿಸಿದ್ದುಂಟು. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ತಾಲೂಕಿಗೆ ಇಬ್ಬರಂತೆ ಶುರು ಮಾಡುವುದು ಆಗದ ಮಾತೇನಲ್ಲ.

ಆದರೆ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ನುಣುಚಿಕೊಳ್ಳುವ ಹಾಗಿಲ್ಲ. ತಂಡ ನಡೆಯುವುದರಲ್ಲಿ ದೊಡ್ಡ ಪಾಲು ನಾಟಕ ಕರೆಸುವ ಊರುಗಳ ದುಡ್ಡಿನದ್ದು. ಕರೆಸುವವರು ಯಾರು? ಕಾಲೇಜು, ಯುವಕ ಸಂಘ, ಮಹಿಳಾ ಸಂಘ, ಸೊಸೈಟಿ, ಗಣಪತಿ ಸಮಿತಿ. ಅಂದರೆ ಈ ಲೇಖನ ಓದುತ್ತಿರುವ ನಾವೇ. ಆರ್ಕೆಸ್ಟ್ರಾ ಅಂದರೆ ಅಡ್ವಾನ್ಸ್ ಕೊಟ್ಟು ಡೇಟ್ ಹಿಡಿಯುತ್ತೇವೆ. ನಾಟಕ ಅಂದ ಕೂಡಲೇ ‘ಎರಡು ಗಂಟೆಗೆ ಅಷ್ಟ್ಯಾಕೆ? ನಮ್ಮೂರಿಗೆ ಸ್ವಲ್ಪ ನೋಡಿ ಮಾಡಿ’ ಅಂತ ಚೌಕಾಸಿ. ಪ್ರದರ್ಶನ ಮುಗಿದ ಮೇಲೆ ಬಾಕಿಗಾಗಿ ತಂಡದವರು ತಿಂಗಳುಗಟ್ಟಲೆ ಫೋನ್ ಮಾಡುವ ಪರಿಸ್ಥಿತಿಯೂ ಇದೆ. ಯಾವ ಊರು, ಯಾವ ಸಮಿತಿ ಅಂತ ಇಲ್ಲಿ ಬರೆಯುವುದು ಬೇಡ. ಮಾಡಿದವರಿಗೆ ಗೊತ್ತಿರುತ್ತೆ.

ಹುಡುಗಿಯರ ವಿಚಾರಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಮಗಳನ್ನು ತಂಡಕ್ಕೆ ಕಳಿಸಲು ಹಿಂದೇಟು ಹಾಕುವ ಮನೆಯವರನ್ನು ಹಳೇ ಕಾಲದವರು ಅಂತ ಬೈಯುವುದು ಸುಲಭ. ಆ ತಾಯಿ ಕೇಳುವುದು ಇಷ್ಟೇ: ರಾತ್ರಿ ಎಲ್ಲಿ ಮಲಗ್ತಾರೆ, ಬಾಗಿಲಿಗೆ ಚಿಲಕ ಇದೆಯಾ, ಸ್ಟೇಜ್ ಹಿಂದೆ ಶೌಚಾಲಯ ಇದೆಯಾ. ಲಕ್ಷಾಂತರ ಖರ್ಚು ಮಾಡಿ ದಾನಿಗಳ ಹೆಸರು ಕೆತ್ತಿಸಿದ ಬಯಲು ರಂಗಮಂದಿರಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಷ್ಟರ ಹಿಂಬದಿಯಲ್ಲಿ ಬಟ್ಟೆ ಬದಲಿಸಲು ಒಂದು ಮುಚ್ಚಿದ ಕೋಣೆ ಇದೆ, ನೀರು ಬರುವ ನಲ್ಲಿ ಇದೆ ಅಂತ ನಿಮ್ಮೂರಿನದನ್ನು ಒಮ್ಮೆ ಹೋಗಿ ನೋಡಿ.

ಇಷ್ಟೆಲ್ಲ ಇದ್ದೂ ಪ್ರತಿ ವರ್ಷ ಹೊಸ ಹುಡುಗರು ಬರುತ್ತಿದ್ದಾರೆ. ಯಾಕೆ? ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ ಪ್ರಶ್ನೆಗೆ ಎದ್ದು ನಿಂತು ನೆಲ ನೋಡುತ್ತಿದ್ದವನು ಐನೂರು ಜನರ ಎದುರು ಮೈಕಿಲ್ಲದೆ ಕಡೆಯ ಸಾಲಿಗೆ ಕೇಳುವಂತೆ ಮಾತಾಡುತ್ತಾನೆ. ನಾಟಕ ಮುಗಿದ ಮೇಲೆ ಯಾರೋ ಅಜ್ಜಿ ಹತ್ತಿರ ಬಂದು ಕೈ ಹಿಡಿದು, ‘ನೀನೇ ಏನಪ್ಪಾ ಆ ಪಾಪದವನು’ ಅಂತಾರೆ. ಅದಕ್ಕೆ ರೇಟು ಹಾಕಲು ಬರುವುದಿಲ್ಲ ನಿಜ, ಆದರೆ ಅದು ಬೆಳಿಗ್ಗೆಯ ಬಸ್ ಚಾರ್ಜಿಗೂ ಆಗುವುದಿಲ್ಲ. ಎರಡೂ ನಿಜ.

ನಿಮ್ಮ ಮನೆಯಲ್ಲಿ ಈ ವರ್ಷ ‘ನಾಟಕದ ತಂಡ ಸೇರ್ತೀನಿ’ ಅನ್ನುವ ಮಾತು ಬಂದರೆ, ಮೊದಲು ತಂಡದವರ ಹತ್ತಿರ ನಾಲ್ಕು ವಿಷಯ ಬಿಡಿಸಿ ಕೇಳಿ: ಗೌರವಧನ ಎಷ್ಟು, ಎಷ್ಟು ತಿಂಗಳು, ವಸತಿ ಹೇಗೆ, ಹುಷಾರಿಲ್ಲದಿದ್ದರೆ ಯಾರು ನೋಡ್ಕೋತಾರೆ. ಹಾಗೇ ನಿಮ್ಮೂರಿಗೆ ತಂಡ ಕರೆಸುವುದಿದ್ದರೆ ಹಣವನ್ನು ನಾಟಕದ ದಿನವೇ ಕೊಡಿ, ಸ್ಟೇಜಿನ ಅಳತೆಯನ್ನು ವಾರ ಮೊದಲೇ ತಿಳಿಸಿ. ಕರೆಂಟು ಹೋದರೆ ಜನರೇಟರ್‌ಗೆ ಡೀಸೆಲ್ ಯಾರು ತರ್ತಾರೆ ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ.