ಅಣಕದ ರಾಯಭಾರವೂ ಬೈತಖೋಲದ ಬಂದರವೂ

ಪಟ್ಟಣಗಳ ವಿದ್ಯಾಶಾಲೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ವಿನೋದವು ಬೇರೂರಿದೆ. ವಿದ್ಯಾರ್ಥಿಗಳು ಒಂದೊಂದು ರಾಷ್ಟ್ರದ ಹೆಸರು ಬರೆದ ಫಲಕವನ್ನು ಮುಂದಿಟ್ಟುಕೊಂಡು, ವಿಶ್ವಸಂಸ್ಥೆಯ ಸಭೆಯನ್ನು ಅನುಕರಿಸಿ, ಲೋಕದ ರೋಗರುಜಿನಗಳನ್ನೂ ಮಾನವರ ಹಕ್ಕುಬಾಧ್ಯತೆಗಳನ್ನೂ ಎರಡೇ ದಿವಸಗಳಲ್ಲಿ ಚರ್ಚಿಸಿ ಮುಗಿಸುವರು. ಒಬ್ಬನು ನಾರ್ವೆಯಾಗುವನು, ಒಬ್ಬಳು ಬ್ರೆಜಿಲ್ ಆಗುವಳು. ಎರಡನೆಯ ದಿನದ ಸಾಯಂಕಾಲಕ್ಕೆ ನಿರ್ಣಯವು ಅಂಗೀಕೃತವಾಗುವುದು, ಉತ್ತಮ ಪ್ರತಿನಿಧಿಯೆನಿಸಿಕೊಂಡವನಿಗೆ ಪಾರಿತೋಷಕವು ದೊರೆಯುವುದು, ಛಾಯಾಚಿತ್ರಗಳೂ ಆಗುವುವು. ಇದಕ್ಕೆ ಅಣಕು ವಿಶ್ವಸಂಸ್ಥೆಯೆಂದು ಹೆಸರು. ಕರಾವಳಿಯ ಸೆಕೆಯಲ್ಲಿ ಎಳೆಯರು ಉಣ್ಣೆಯ ಕೋಟನ್ನೂ ಕೊರಳಪಟ್ಟಿಯನ್ನೂ ಬಿಗಿದುಕೊಂಡು ಬೆವರುತ್ತ ಆರೋಗ್ಯವನ್ನು ಕುರಿತು ಭಾಷಣಮಾಡುವುದನ್ನು ಕಂಡವರಿಗೆ ನಗೆ ಬಾರದಿರದು.

ಈ ವಿಷಯದಲ್ಲಿ ಹಿರಿಯರೊಳಗೆ ಎರಡು ಪಕ್ಷಗಳುಂಟು. ಇದರಿಂದ ಮಕ್ಕಳ ಬುದ್ಧಿಯು ವಿಶಾಲವಾಗುವುದು, ಇಂಗ್ಲಿಷು ಸರಾಗವಾಗುವುದು, ಮುಂದೆ ಪರದೇಶದ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುವುದು ಎಂದು ಒಂದು ಪಕ್ಷವು ಹೇಳುತ್ತದೆ. ಇದು ಬರಿಯ ಕಪಿಚೇಷ್ಟೆ, ಪರೀಕ್ಷೆಗೆ ಓದುವ ಹೊತ್ತಿನ ಅಪವ್ಯಯ ಎಂಬುದು ಎರಡನೆಯ ಪಕ್ಷ. ವಿಚಾರಮಾಡಿ ನೋಡಿದರೆ ಎರಡು ಪಕ್ಷಗಳೂ ವಸ್ತುವನ್ನು ಬಿಟ್ಟು ನೆರಳಿನೊಡನೆ ಹೋರಾಡುತ್ತಿವೆ. ಅಣಕವೆಂಬುದು ಸ್ವತಃ ದೋಷವಲ್ಲ. ಮಗುವು ಮಾತು ಕಲಿಯುವುದೂ ಅಣಕದಿಂದಲೇ, ವೇದಪಾಠವು ನಿಂತಿರುವುದೂ ಗುರುವಿನ ಉಚ್ಚಾರದ ಅನುಕರಣದ ಮೇಲೆಯೇ. ಯಾವುದನ್ನು ಅಣಕಿಸಬೇಕು, ಯಾರ ಎದುರಿಗೆ ಅಣಕಿಸಬೇಕು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶವು.

ಈ ಪದ್ಧತಿಯ ಹುಟ್ಟನ್ನು ತಿಳಿದುಕೊಂಡರೆ ಅದರ ಗುಣದೋಷಗಳೆರಡೂ ಗೋಚರವಾಗುವುವು. ಮೊದಲನೆಯ ಮಹಾಯುದ್ಧದ ತರುವಾಯ ಜನಿವಾ ನಗರದಲ್ಲಿ ರಾಷ್ಟ್ರಸಂಘವು ಸ್ಥಾಪಿತವಾದಾಗ, 1920ರ ದಶಕದಲ್ಲಿ ಅಮೆರಿಕದ ವಿದ್ಯಾಲಯಗಳಲ್ಲಿ ಅದರ ಅಣಕು ಸಭೆಗಳು ನಡೆಯತೊಡಗಿದವು. ಅಮೆರಿಕವಾದರೋ ಆ ಸಂಘಕ್ಕೆ ಸೇರಲೇ ಇಲ್ಲ! ಸರಕಾರವು ಹೊರಗುಳಿದ ಸಭೆಯಲ್ಲಿ ಅದರ ಮಕ್ಕಳು ಅಣಕದಿಂದಲಾದರೂ ಕುಳಿತರು. ದೊಡ್ಡವರು ಮಾಡಲೊಲ್ಲದ ಕಾರ್ಯವನ್ನು ಚಿಕ್ಕವರು ಮಾಡಿ ತೋರಿಸುವುದರಲ್ಲಿ ಒಂದು ಮೊನೆಯಿದೆ. 1945ರಲ್ಲಿ ವಿಶ್ವಸಂಸ್ಥೆಯು ಹುಟ್ಟಿದಮೇಲೆ ಈ ಅಣಕವು ಹೆಸರು ಬದಲಿಸಿ ದೇಶದೇಶಗಳಿಗೆ ಹಬ್ಬಿತು. ಆ ಮೊನೆಯು ಮಾತ್ರ ದಾರಿಯಲ್ಲಿ ಎಲ್ಲಿಯೋ ಮುರಿದುಹೋಯಿತು.

ಪರಕೀಯವೆಂದು ಇದನ್ನು ತಿರಸ್ಕರಿಸುವವರೂ ಪರಕೀಯವೆಂದೇ ಇದಕ್ಕೆ ಮರುಳಾಗುವವರೂ ಒಂದು ಸಂಗತಿಯನ್ನು ಮರೆತಿದ್ದಾರೆ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಾಸರಗೋಡುಗಳ ಜನರಿಗೆ ಅಣಕದ ರಾಯಭಾರವು ಹೊಸತಲ್ಲ. ತಾಳಮದ್ದಳೆಯೆಂಬುದು ಮತ್ತೇನು? ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದವನ್ನು ಹೇಳಿ ಮುಗಿಸಿದೊಡನೆ ಅರ್ಥಧಾರಿಯು ಕುಳಿತಲ್ಲಿಯೇ ಕೃಷ್ಣನಾಗಿ ಐದು ಗ್ರಾಮಗಳನ್ನು ಕೇಳುವನು. ಎದುರಿನವನು ಕೌರವನಾಗಿ ಕೊಡಲಾರೆನೆನ್ನುವನು. ಬರೆದಿಟ್ಟ ಮಾತು ಒಂದೂ ಇಲ್ಲ. ಇಂದು ಕೃಷ್ಣನಾದವನು ನಾಳೆ ಕೌರವನಾಗಬೇಕು, ಆದಾಗ ಕೌರವನ ಪಕ್ಷದಲ್ಲಿರುವ ಯುಕ್ತಿಗಳನ್ನೆಲ್ಲ ಹುಡುಕಿ ತೆಗೆಯಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಪರವಾಗಿ, ಕೌರವನ ಪರವಾಗಿ ಆಡುತ್ತಿದ್ದ ಮಾತುಗಳನ್ನು ಕೇಳಿದವರಿಗೆ, ಸೋಲತಕ್ಕ ಪಕ್ಷಕ್ಕೂ ಒಂದು ನ್ಯಾಯವಿರಬಹುದೆಂಬ ಅಳುಕು ಹುಟ್ಟುತ್ತಿದ್ದಿತು. ಈ ಅಳುಕನ್ನು ಹುಟ್ಟಿಸುವುದೇ ಅಣಕದ ರಾಯಭಾರದ ಪರಮಪ್ರಯೋಜನವು. ತಾಳಮದ್ದಳೆಯಲ್ಲಿಯೂ ಮಾತಿನ ಮದವುಂಟು, ಪ್ರಸಂಗವನ್ನು ಬಿಟ್ಟು ಪಾಂಡಿತ್ಯವನ್ನು ಹರಡಿ ಬೆಳಗು ಮಾಡುವವರೂ ಉಂಟು. ಆದರೆ ಅಲ್ಲಿ ಶ್ರೋತೃಗಳಿಗೆ ಕಥೆ ಗೊತ್ತಿದೆ; ಕೌರವನು ತಪ್ಪಾಡಿದರೆ ಚಾಪೆಯ ಮೇಲೆ ಕುಳಿತ ಅಜ್ಜನೂ ತಲೆಯಲ್ಲಾಡಿಸುವನು. ಶಾಲೆಯ ಸಭಾಗೃಹದಲ್ಲಿ ನಾರ್ವೆಯ ಪ್ರತಿನಿಧಿಯು ನಾರ್ವೆಯ ಮಾತನ್ನು ಆಡಿದನೋ ತನ್ನ ಮಾತನ್ನು ಆಡಿದನೋ ಎಂದು ಹೇಳುವವರು ಯಾರು?

ದೋಷದ ಮೂಲವು ಇಲ್ಲಿಯೇ ಇದೆ. ರಾಯಭಾರಿಯೆಂದರೆ ಸ್ವತಂತ್ರ ವಾಗ್ಮಿಯಲ್ಲ. ಅವನ ಹಿಂದೆ ಅವನನ್ನು ಕಳುಹಿಸಿದವರು ಇರಬೇಕು. ಕೌಟಿಲ್ಯನು ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದನು. ಅಮಾತ್ಯನ ಗುಣಗಳೆಲ್ಲ ತುಂಬಿದವನು ನಿಸೃಷ್ಟಾರ್ಥನು, ಅವುಗಳಲ್ಲಿ ಕಾಲುಭಾಗ ಕಡಮೆಯಾದವನು ಪರಿಮಿತಾರ್ಥನು, ಅರ್ಧ ಕಡಮೆಯಾದವನು ಶಾಸನಹರನು, ಅಂದರೆ ಓಲೆಯನ್ನು ಒಯ್ದು ಮುಟ್ಟಿಸುವವನು. ಮೂವರಲ್ಲಿ ಯಾವನೂ ಒಡೆಯನಿಲ್ಲದವನಲ್ಲ. ಇದಕ್ಕೆ ದೂರದ ದೃಷ್ಟಾಂತವು ಬೇಡ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು, ಭಾರತದ ಸಂವಿಧಾನದ ರಚನೆಯಲ್ಲಿ ಸಲಹಾಕಾರರಾಗಿದ್ದವರು, 1950ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷಸ್ಥಾನದಲ್ಲಿದ್ದರು. ಅದೇ ತಿಂಗಳಲ್ಲಿ ಕೊರಿಯದ ಯುದ್ಧವು ಸಿಡಿಯಿತು. ಜೂನ್ 27ರಂದು ದಕ್ಷಿಣ ಕೊರಿಯಕ್ಕೆ ನೆರವೀಯಬೇಕೆಂಬ ನಿರ್ಣಯವು ಮತಕ್ಕೆ ಬಂದಾಗ, ದಿಲ್ಲಿಯ ಆದೇಶವು ಇನ್ನೂ ಕೈಸೇರಿಲ್ಲವೆಂದು ಅವರು ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತದ ಒಪ್ಪಿಗೆಯು ಎರಡು ದಿನಗಳ ಮೇಲೆ ಬಂದಿತು. ಲೋಕವೆಲ್ಲ ನೋಡುತ್ತಿರುವಾಗ ಅಧ್ಯಕ್ಷಪೀಠದಲ್ಲಿ ಕುಳಿತು, ಮಾತು ಬಲ್ಲವನು ಮೌನವಾಗಿರಬೇಕಾದ ಆ ಕಷ್ಟವನ್ನು ಯಾವ ಅಣಕು ಸಭೆಯು ಕಲಿಸುತ್ತದೆ? ಅಲ್ಲಿ ಹೆಚ್ಚು ಮಾತಾಡಿದವನಿಗೇ ಪಾರಿತೋಷಕ!

ನ್ಯಾಯಶಾಸ್ತ್ರವನ್ನು ಓದಿದವರು ಬಲ್ಲರು: ತತ್ತ್ವವನ್ನು ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನ ಪಕ್ಷವೊಂದನ್ನೂ ಸ್ಥಾಪಿಸದೆ ಇತರರದನ್ನು ಕೆಡಹುವುದು ವಿತಂಡೆ. ಪಾರಿತೋಷಕವು ಕಾಲಿಟ್ಟೊಡನೆ ವಾದವು ಜಲ್ಪವಾಗುತ್ತದೆ. ಶಾಲೆಗಳಲ್ಲಿ 1966-67ರಿಂದ ದಿಲ್ಲಿಯಲ್ಲಿ ಮೊದಲುಗೊಂಡು ಬೆಳೆದ ಯುವಸಂಸತ್ತಿನ ಪದ್ಧತಿಗೂ ಇದೇ ಗತಿಯಾಗಿದೆ. ಅಲ್ಲಿ ಮಾತುಗಳನ್ನು ಅನೇಕ ವೇಳೆ ಮಾಸ್ತರರೇ ಬರೆದುಕೊಡುವರಾದ್ದರಿಂದ ಅದು ಜಲ್ಪದ ಮಟ್ಟಕ್ಕೂ ಏರದೆ ಬಾಯಿಪಾಠದಲ್ಲಿ ನಿಲ್ಲುತ್ತದೆ.

ಇನ್ನು ವಿಷಯದ ಆಯ್ಕೆ. ಆಫ್ರಿಕದ ಮಲೇರಿಯವನ್ನೂ ದೂರದೇಶಗಳ ನಿರಾಶ್ರಿತರನ್ನೂ ಕುರಿತು ಚಿಂತಿಸಬಾರದೆಂದು ಯಾರೂ ಹೇಳರು. ಆದರೆ ಕಾರವಾರದ ಹುಡುಗನು ಬೈತಖೋಲದ ದಾರಿಯಲ್ಲಿ ಹಾದುಹೋಗಿ ಸಭಾಗೃಹವನ್ನು ಸೇರಿ, ಅಲ್ಲಿ ನಿರಾಶ್ರಿತರೆಂದರೆ ಸಮುದ್ರದಾಚೆಯವರೆಂದೇ ತಿಳಿಯುವಂತಾದರೆ ಆ ವಿದ್ಯೆಗೆ ಏನೆನ್ನಬೇಕು? ಬೈತಖೋಲವು ಪೇಟೆಯ ದಕ್ಷಿಣಕ್ಕೆ ಗುಡ್ಡದ ಮಗ್ಗುಲಲ್ಲಿರುವ ಸಹಜವಾದ ಆಶ್ರಯಸ್ಥಾನ. ಇಲ್ಲಿ ವಾಣಿಜ್ಯದ ಹಡಗುಗಳೂ ಮೀನುಗಾರರ ದೋಣಿಗಳೂ ಒಂದೇ ನೀರನ್ನು ಹಂಚಿಕೊಂಡಿವೆ. ಗುಡ್ಡದ ಆಚೆಗೆ ಅರಗಾದಲ್ಲಿ ನೌಕಾನೆಲೆ. 1986ರಲ್ಲಿ ಅಂದಿನ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಅಡಿಗಲ್ಲನ್ನಿಟ್ಟ ಸೀಬರ್ಡ್ ಯೋಜನೆಯು 2005ರ ಮೇ ತಿಂಗಳಲ್ಲಿ ಕದಂಬ ನೌಕಾನೆಲೆಯಾಗಿ ಕಾರ್ಯಾರಂಭಮಾಡಿತು. ಅದಕ್ಕಾಗಿ ಕಾರವಾರ ಅಂಕೋಲಾ ತಾಲೂಕುಗಳ 13 ಗ್ರಾಮಗಳ 4000ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಹೊರಟವು. ಪರಿಹಾರದ ವ್ಯಾಜ್ಯಗಳು ದಶಕಗಳವರೆಗೆ ನಡೆದವು. ಮನೆಯನ್ನು ಬಿಟ್ಟವನ ಹಣವನ್ನು ಅವನ ಮಗನು ಎಣಿಸಿಕೊಂಡದ್ದೂ ಉಂಟು. ದೇಶಕ್ಕೆ ನೌಕಾನೆಲೆಯು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ದೇಶಕ್ಕಾಗಿ ನೆಲವನ್ನು ಬಿಟ್ಟವನಿಗೆ ದೇಶವು ಎಷ್ಟು ಬೇಗ, ಯಾವ ಬಗೆಯಲ್ಲಿ ಋಣಮುಕ್ತವಾಗಬೇಕು ಎಂಬುದೇ ಪ್ರಶ್ನೆ. 1948ರ ಡಿಸೆಂಬರ್ 10ರ ಮಾನವಹಕ್ಕುಗಳ ಘೋಷಣೆಯ 17ನೆಯ ವಿಧಿಯು ಆಸ್ತಿಯ ಮಾತನ್ನೂ 25ನೆಯ ವಿಧಿಯು ಆರೋಗ್ಯಕ್ಕೆ ತಕ್ಕ ಜೀವನದ ಮಾತನ್ನೂ ಹೇಳುತ್ತವೆ. ಅವುಗಳ ಭಾಷ್ಯವನ್ನು ಬರೆಯಲು ಈ 13 ಗ್ರಾಮಗಳಿಗಿಂತ ಮೇಲಾದ ಪಾಠಶಾಲೆ ಬೇರೆಲ್ಲಿದೆ?

ಅಷ್ಟಕ್ಕೇ ಮುಗಿಯಲಿಲ್ಲ. ವಾಣಿಜ್ಯ ಬಂದರದ ಎರಡನೆಯ ಹಂತದ ವಿಸ್ತರಣೆಯನ್ನು ಸಾಗರಮಾಲಾ ಯೋಜನೆಯಲ್ಲಿ ಕೈಕೊಂಡಾಗ, 2020ರ ಜನವರಿಯಲ್ಲಿ ಮೀನುಗಾರರು ಹೆಂಗಸರು ಮಕ್ಕಳೊಡನೆ ಪ್ರತಿಭಟನೆಗೆ ಇಳಿದರು, ಪೇಟೆಯು ಮುಚ್ಚಿತು, ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನೌಕಾನೆಲೆಗೆ ಹೋದ ಕಡಲಂಚು ಹೋಯಿತು, ಉಳಿದ ದಂಡೆಯೂ ಕಲ್ಲಿನ ಕಟ್ಟೆಗೆ ಹೋದರೆ ರಂಪಣಿಯ ಬಲೆಯನ್ನು ಎಳೆಯುವುದೆಲ್ಲಿ ಎಂಬುದು ಅವರ ಪಕ್ಷ. ಬಂದರವು ಬೆಳೆಯದೆ ಜಿಲ್ಲೆಗೆ ವ್ಯಾಪಾರವಿಲ್ಲ, ತರುಣರಿಗೆ ಉದ್ಯೋಗವಿಲ್ಲ ಎಂಬುದು ಎದುರಿನವರ ಪಕ್ಷ. ಎರಡೂ ಕಡೆಗೆ ಹೇಳತಕ್ಕದ್ದು ಇದೆ. ಕೃಷ್ಣಸಂಧಾನಕ್ಕೆ ಇದಕ್ಕಿಂತ ತಕ್ಕ ಪ್ರಸಂಗವು ಸಿಕ್ಕೀತೆ? ಇಲ್ಲಿ ಕೃಷ್ಣನಾರು ಕೌರವನಾರು ಎಂಬುದನ್ನು ಮೊದಲೇ ಗೊತ್ತುಮಾಡಬಾರದು, ಅಷ್ಟೇ.

ಆರೋಗ್ಯದ ಮಾತಿಗೆ ಬಂದರೂ ಸಮುದ್ರವನ್ನು ದಾಟಬೇಕಾದ ಕಾರಣವಿಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಮಾರಿಯ ಭಯದಿಂದ ಕರ್ನಾಟಕವು ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯ ಗಡಿಯಲ್ಲಿ ರೋಗಿಗಳ ವಾಹನಗಳು ಹಿಂದಿರುಗಿದವು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕೆಲವರು ಚಿಕಿತ್ಸೆಯಿಲ್ಲದೆ ತೀರಿಹೋದರು. ಅವರಲ್ಲಿ ಕನ್ನಡಿಗರೆಷ್ಟು ಮಲೆಯಾಳಿಗಳೆಷ್ಟು ಎಂದು ಎಣಿಸುವುದು ಮನುಷ್ಯತ್ವವಲ್ಲ. ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ದಾರಿಯನ್ನು ತೆರೆಯಿಸಬೇಕೆಂದು ಕೇಂದ್ರಕ್ಕೆ ಹೇಳಿತು, ಸರ್ವೋಚ್ಚ ನ್ಯಾಯಾಲಯದವರೆಗೆ ವಿಷಯವು ಹೋಗಿ, ರೋಗಿಗಳನ್ನು ಬಿಡುವ ಬಗೆಗೆ ಒಡಂಬಡಿಕೆಯಾಗಲು ಇನ್ನೂ ಕೆಲವು ದಿನಗಳು ಹಿಡಿದವು. ಕಾರವಾರದ ಗೃಹಸ್ಥರಿಗೆ ಈ ಕಥೆಯ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯವರೂ ಪ್ರಾಣಸಂಕಟದಲ್ಲಿ ಮಾಜಾಳಿಯ ಗಡಿಯನ್ನು ದಾಟಿ ಗೋವೆಗೆ ಓಡತಕ್ಕವರೇ, ಇಲ್ಲವೆ ತೆಂಕಣಕ್ಕೆ ಮಣಿಪಾಲಕ್ಕೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ವಾಹನವು ಶಿರೂರಿನ ಸುಂಕದ ಕಟ್ಟೆಯಲ್ಲಿ ಉರುಳಿ ನಾಲ್ವರು ಮಡಿದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮನೆಮನೆಯಿಂದ ಎದ್ದಿತು. ಘಟ್ಟದ ಮೇಲಿನ ಮಂಗನ ಕಾಯಿಲೆಯು ಲೋಕದ ವೈದ್ಯಗ್ರಂಥಗಳಲ್ಲಿ ಶಿವಮೊಗ್ಗೆಯ ಕ್ಯಾಸನೂರು ಕಾಡಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1957ರಲ್ಲಿ ಗುರುತಿಸಲ್ಪಟ್ಟ ಆ ರೋಗವು 2024ರ ಆರಂಭದಲ್ಲಿಯೂ ಸಿದ್ದಾಪುರದ ಬಡವರನ್ನು ಕಾಡಿತು. ಅಣಕು ಆರೋಗ್ಯಸಭೆಯಲ್ಲಿ ಈ ಹೆಸರನ್ನು ಎತ್ತುವ ಮಕ್ಕಳೆಷ್ಟು?

ಊರಿನ ವ್ಯಾಜ್ಯವು ಶಾಲೆಯೊಳಗೆ ಹೊಕ್ಕರೆ ಮಕ್ಕಳಲ್ಲಿ ಕಲಹವಾಗುವುದೆಂದು ಹೆದರುವವರುಂಟು. ಅವರ ಭಯವು ಸುಳ್ಳಲ್ಲ. ಬಂದರದ ನೌಕರನ ಮಗನೂ ದೋಣಿಯ ತಾಂಡೇಲನ ಮಗಳೂ ಒಂದೇ ಬೆಂಚಿನ ಮೇಲೆ ಕುಳಿತಿರುವರು. ಆದರೆ ಉಪಾಯವು ಅಣಕದಲ್ಲಿಯೇ ಅಡಗಿದೆ. ನೌಕರನ ಮಗನು ಮೀನುಗಾರರ ರಾಯಭಾರಿಯಾಗಲಿ, ತಾಂಡೇಲನ ಮಗಳು ಬಂದರದ ಪರವಾಗಿ ವಾದಿಸಲಿ, ನೌಕಾಪಡೆಯ ಅಧಿಕಾರಿಯ ಮಗುವು ಅರಗಾವನ್ನು ಬಿಟ್ಟುಹೋದ ಮುದುಕಿಯ ಮಾತನ್ನು ಆಡಲಿ. ಮಾತಾಡುವ ಮುನ್ನ ಪ್ರತಿಯೊಬ್ಬನೂ ತಾನು ಯಾರ ಪರವಾಗಿ ನಿಲ್ಲುವನೋ ಅವರ ಮನೆಗೆ ಹೋಗಿ ಕೇಳಿ ಬರಲಿ; ಸಭೆಯ ದಿನ ಆ ಮನೆಯವರು ಎದುರಿಗೆ ಕುಳಿತಿರಲಿ. ತನ್ನ ಬಾಯಿಗೆ ಹಾಕಿದ ಮಾತು ತನ್ನದಲ್ಲವೆಂದು ಎದ್ದು ಹೇಳುವ ಅಧಿಕಾರವು ಅವರಿಗೆ ಇರಲಿ. ನಾರ್ವೆಯವರಿಗೆ ಈ ಅಧಿಕಾರವನ್ನು ಕೊಡಲು ಬರುವುದಿಲ್ಲ, ಬೈತಖೋಲದವರಿಗೆ ಬರುತ್ತದೆ.

ಭಾಷೆಯ ವಿಷಯದಲ್ಲಿ ಇಷ್ಟು ಹೇಳಬೇಕು. ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬ ಹಟವು ಎದುರಿಗೆ ಕುಳಿತವರನ್ನು ಕಿವುಡರನ್ನಾಗಿ ಮಾಡುವ ಹಟವು. ಕಲಾಪವು ಕನ್ನಡದಲ್ಲಿ ನಡೆಯಲಿ. ಆದರೆ ಕಾರವಾರದ ಕಡಲಂಚಿನ ಮನೆಮಾತು ಕೊಂಕಣಿಯೆಂಬುದನ್ನು ಮರೆತು ಕನ್ನಡದವರು ಅದೇ ಹಟವನ್ನು ತಾವು ಹಿಡಿಯಬಾರದು. ವಿಶ್ವಸಂಸ್ಥೆಯಲ್ಲಿಯೇ ಆರು ಭಾಷೆಗಳಿಗೆ ದುಭಾಷಿಗಳುಂಟು. ಇಲ್ಲಿ ಎರಡಕ್ಕೆ ಇಬ್ಬರು ವಿದ್ಯಾರ್ಥಿಗಳು ಸಾಕು. ಶಬ್ದದ ಬೆಲೆಯನ್ನು ಆ ಇಬ್ಬರು ಉಳಿದವರೆಲ್ಲರಿಗಿಂತ ಹೆಚ್ಚಾಗಿ ಕಲಿತಾರು. ಮಾನವಹಕ್ಕುಗಳ ಘೋಷಣೆಯ ಮೊದಲನೆಯ ವಿಧಿಯಲ್ಲಿ ಪುರುಷರೆಂದು ಅರ್ಥವಾಗಬಹುದಾಗಿದ್ದ ಒಂದು ಪದವನ್ನು ತೆಗೆಯಿಸಿ ಮನುಷ್ಯರೆಲ್ಲರೂ ಎಂಬರ್ಥದ ಪದವನ್ನು ಇಡಿಸಿದವರು ಭಾರತದ ಪ್ರತಿನಿಧಿಯಾದ ಹಂಸಾ ಮೆಹತಾ ಎಂಬ ಮಹಿಳೆಯು. ಆ ಒಂದು ಪದಕ್ಕಾಗಿ ಅವರಿಗೆ ಯಾರೂ ಪಾರಿತೋಷಕವನ್ನು ಕೊಡಲಿಲ್ಲ.

ಕಾಲವನ್ನು ಗೊತ್ತುಮಾಡುವುದೂ ಸುಲಭವೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಶಾಲೆಗಳು ಆಗಲೇ ತೆರೆದಿರುತ್ತವೆ. ಬೈತಖೋಲದಲ್ಲಿ ಗಂಡಸರು ಬಲೆಗಳನ್ನು ಹೆಣೆಯುತ್ತ ಮಳೆಯನ್ನು ನೋಡುತ್ತ ಮನೆಯಲ್ಲಿರುತ್ತಾರೆ. ಕರೆದರೆ ಬಂದಾರು. ಮೀನು ಮಾರುವ ಹೆಂಗಸರು ಸಂತೆ ಮುಗಿಸಿ ಬರಬೇಕಾದುದರಿಂದ ಸಭೆಯನ್ನು ಮಧ್ಯಾಹ್ನದ ತರುವಾಯ ಇಟ್ಟುಕೊಳ್ಳುವುದು ಲೇಸು.