ಭಾಷಾಂತರಕ್ಕೆ ಇಬ್ಬರು ಸಾಕ್ಷಿಗಳು

ಭಾಷಾಂತರಗಳನ್ನು ಕುರಿತು ನಮ್ಮ ವಿಮರ್ಶಕರು ವಾಡಿಕೆಯಾಗಿ ಹೇಳುವ ಮಾತೊಂದಿದೆ: ‘ಮೂಲವೇ ಎನ್ನುವಂತಿದೆ.’ ಮೂಲವನ್ನು ತೆರೆದು ನೋಡಿದ ಗುರುತು ಮಾತ್ರ ಆ ಬರಹದಲ್ಲಿ ಕಾಣುವುದಿಲ್ಲ. ಆರು ತಿಂಗಳು ಬೆವರಿದವನಿಗೂ ಆರು ದಿನಗಳಲ್ಲಿ ಮುಗಿಸಿದವನಿಗೂ ಒಂದೇ ಹೊಗಳಿಕೆ!

ಕೆಲವು ವರ್ಷಗಳ ಹಿಂದೆ ಕೊಣನೂರಿನಲ್ಲಿ, ಕಾವೇರಿಯ ದಡದಲ್ಲಿ ಕುಳಿತು, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಿಂದ ‘ದುಃಖಸೇತು’ವನ್ನು ನನ್ನ ಸೋದರತ್ತೆಯವರಿಗೆ ಓದಿ ಹೇಳಿದೆ. ಥಾಮಸ್ ಹುಡ್ ಎಂಬ ಕವಿ 1844ರಲ್ಲಿ ಪ್ರಕಟಿಸಿದ ಕವಿತೆ ಅದರ ಮೂಲ. ಸೇತುವೆಯಿಂದ ಹಾರಿ ಪ್ರಾಣಬಿಟ್ಟ ಅನಾಥ ತರುಣಿಯೊಬ್ಬಳ ಹೆಣವನ್ನು ಮೇಲೆತ್ತುವವರಿಗೆ ಹೇಳುವ ಮಾತು. ಅತ್ತೆಯವರಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, ‘ಆಮೇಲೆ ಮಣ್ಣು ಮಾಡಿದರೇನಪ್ಪ?’ ಎಂದರು. ಯಾವ ದೇಶದ ಹೆಣ್ಣೆಂದು ಕೇಳಲಿಲ್ಲ. ಭಾಷಾಂತರಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಉಂಟೆ?

ಆದರೂ ಅವರೊಬ್ಬರ ಸಾಕ್ಷ್ಯ ಸಾಲದು. ಹುಡ್‌ನ ಸಾಲುಗಳು ಬಹು ಚಿಕ್ಕವು. ಪ್ರಾಸದ ಮೇಲೆ ಪ್ರಾಸ ಬಿದ್ದು ಓಡುತ್ತವೆ. ಕೊನೆಯಲ್ಲಿ ಹೆಣದ ಕೈಗಳನ್ನು ಎದೆಯ ಮೇಲೆ ಜೋಡಿಸಿರೆನ್ನುವಲ್ಲಿ ಕ್ರೈಸ್ತ ಭಾವನೆಯಿದೆ. ಇವುಗಳಲ್ಲಿ ಏನು ಉಳಿಯಿತು, ಏನು ಸೋರಿತು ಎಂಬುದನ್ನು ಕನ್ನಡದ ಕಿವಿಯೊಂದೇ ಅರಿಯದು. ಎರಡನ್ನೂ ಬಲ್ಲವನು ಪಕ್ಕಪಕ್ಕದಲ್ಲಿಟ್ಟು ಓದಬೇಕು. (ಪದ ಎಣಿಸುವ ಪಂಡಿತರನ್ನು ನಾನು ಕರೆಯುತ್ತಿಲ್ಲ.) ‘ಹ್ಯಾಮ್ಲೆಟ್’ನಿಂದ ಕುವೆಂಪು ಕಟ್ಟಿದ ‘ರಕ್ತಾಕ್ಷಿ’ಗೆ ಈ ತಕ್ಕಡಿ ಸಲ್ಲದು, ಅದು ರೂಪಾಂತರ, ಬಿದನೂರಿನ ಕಥೆ.

ಭಾಷಾಂತರವೆಂದೇ ಮುದ್ರಿಸಿದ ಗ್ರಂಥದ ಮಾತು ಬೇರೆ. ಅದನ್ನು ಹೊಗಳುವವರು, ಮೂಲದ ಯಾವ ಪುಟದೊಡನೆ ಹೋಲಿಸಿದೆವೆಂಬುದನ್ನು ಮೊದಲು ತಿಳಿಸಲಿ.